ಊಟದ ಸುದ್ದಿ ಎತ್ತದ ಊಟ

ವಡೋದರಾದಲ್ಲಿ ಉಡುಪಿ ಹೋಟೆಲ್ ನಡೆಸುವವರ ಮಗಳಿಗೆ ಊಟ ಬಿಡುವ ಕಾಯಿಲೆ ಬಂದರೆ ಜನ ನಗದೆ ಇರುತ್ತಾರೆಯೇ? ನನಗೂ ನಗು ಬರುತ್ತಿತ್ತು, ನಗಲು ತ್ರಾಣ ಇದ್ದಾಗ. ಮೂವತ್ತು ದಾಟಿದವಳು ನಾನು. ಇಡ್ಲಿ ಕಂಡರೆ ಪರೀಕ್ಷೆಗೆ ಕೂತವಳಂತೆ ಬೆವರುತ್ತಿದ್ದೆ.

ಈ ಕಾಯಿಲೆಗೆಂದೇ ಅಹಮದಾಬಾದಿನಲ್ಲಿ ಒಂದು ಕ್ಲಿನಿಕ್ ಇದೆ. ಅಲ್ಲಿನ ಡಾಕ್ಟರಮ್ಮನ ಮಾತು ಮೆದು, ಪಟ್ಟು ಮಾತ್ರ ಉಡದ್ದು. ಒಂದು ವಾರ ನೋಡುತ್ತೇನೆ, ತಟ್ಟೆ ಖಾಲಿಯಾಗದಿದ್ದರೆ ಆಸ್ಪತ್ರೆಗೆ ಸೇರಿಸುತ್ತೇನೆ ಎಂದರು. ಅಮ್ಮ ಇಲ್ಲದ್ದರಿಂದ ಜೊತೆಗೆ ಕೂರುವ ಕೆಲಸ ಅಪ್ಪಯ್ಯನ ಪಾಲಿಗೆ ಬಂತು. ಅವರೂ ನನ್ನೊಡನೆ ಕೂತು ಉಣ್ಣಬೇಕು, ಊಟದ ಬಗ್ಗೆ ಚಕಾರ ಎತ್ತಬಾರದು ಎಂಬುದು ಡಾಕ್ಟರಮ್ಮನ ಕಟ್ಟಪ್ಪಣೆ.

ಎರಡೂ ಅವರಿಗೆ ಬಾರದ ವಿದ್ಯೆ. ಗಿರಾಕಿಗಳೆಲ್ಲ ಎದ್ದ ಮೇಲೆ ಅಡುಗೆಕೋಣೆಯಲ್ಲಿ ನಿಂತೇ ಉಣ್ಣುವವರು ಅವರು. ಇನ್ನು ಮಾತೆಂದರೆ, ಸಾಕು ಎಂದವರಿಗೆ ಇನ್ನೊಂದು ಸೌಟು ಸಾಂಬಾರು ಸುರಿಯುವುದು.

"ಊಟದ ಸುದ್ದಿ ಬಿಟ್ರೆ ನನಗೆ ಎಂತ ಗೊತ್ತುಂಟು ಮಾರಾಯ್ತಿ?" ಎಂದು ವಾಪಸು ಬರುವ ರೈಲಿನಲ್ಲಿ ನನ್ನನ್ನೇ ಕೇಳಿದರು.

"ಸೆಖೆಯ ಬಗ್ಗೆ ಮಾತಾಡಿ."

ಮಾತಾಡಿದರು. ಹೋಟೆಲ್ ತುಂಬಿ ತುಳುಕುವ ಮಧ್ಯಾಹ್ನ ಗಲ್ಲಾ ಬಿಟ್ಟು ಮನೆಗೆ ಬಂದು ಎದುರು ಕೂತು ವಡೋದರಾದ ಸೆಖೆ, ಅಹಮದಾಬಾದಿನ ಸೆಖೆ, ಸೂರತ್‌ನ ಸೆಖೆ ಎಂದು ಶುರುಮಾಡಿದರು. ಗುಜರಾತಿನ ಊರುಗಳು ಮುಗಿದವು, ನನ್ನ ಅನ್ನ ಮುಗಿಯಲಿಲ್ಲ. ಅವರ ಎಡಗೈ ತಾನಾಗಿಯೇ ಸಾರಿನ ಸೌಟಿನ ಕಡೆ ಹೋಗುತ್ತಿತ್ತು. ಕೊನೆಗೆ ಅದನ್ನು ತೊಡೆಯಡಿಗೆ ಹಾಕಿಕೊಂಡು ಕೂತರು.

ದಿನವೂ ನನ್ನ ತಟ್ಟೆಯಲ್ಲಿ ಅರ್ಧ ಉಳಿಯುತ್ತಿತ್ತು. ನಾಳೆ ಅಹಮದಾಬಾದಿಗೆ ಹೋಗಬೇಕು ಎನ್ನುವ ದಿನ, ಹೆದರಿಕೆಯಲ್ಲಿ ತಲೆ ಎತ್ತಿದವಳಿಗೆ ಅವರ ತಟ್ಟೆ ಕಂಡಿತು. ನನ್ನ ತಟ್ಟೆ ಕಾಯುವುದರಲ್ಲಿ ಅವರು ಒಂದು ತುತ್ತೂ ಉಂಡಿರಲಿಲ್ಲ. ನನಗೆ ಸಿಟ್ಟು ಬಂತು, ಸಂಕಟವೂ ಆಯಿತು.

"ಅಪ್ಪಯ್ಯ, ಎಂತ ನೋಡ್ತಾ ಕೂತದ್ದು? ಉಣ್ಣಿ, ಅನ್ನ ತಣಿತದೆ."

"ಊಟದ ಸುದ್ದಿ ಎತ್ತಬಾರದು ಅಂತ ಹೇಳಿದ್ದಾರಲ್ಲ?"

"ಅದು ನಿಮಗೆ ಹೇಳಿದ್ದು, ನನಗಲ್ಲ."

ಅವರು ಒಂದು ತುತ್ತು ಉಂಡರು, ನಾನೂ ಉಂಡೆ. ನನ್ನ ಕೈ ನಿಂತರೆ ಅವರ ಕೈಯೂ ನಿಲ್ಲುತ್ತಿತ್ತು. ಹಸಿದ ಮುದುಕನನ್ನು ಹಾಗೆ ಕೂರಿಸಿಡಲು ಮನಸ್ಸು ಬರಲಿಲ್ಲ. ಹೆದರುತ್ತ ಹೆದರುತ್ತಲೇ ತಟ್ಟೆ ಮುಗಿಸಿದೆ.

ತೊಡೆಯಡಿಯ ಎಡಗೈ ಹೊರಗೆ ಬಂತು. ಸೌಟು ಹಿಡಿಯಿತು, ಮತ್ತೆ ಅಲ್ಲೇ ಇಟ್ಟಿತು. ಆಮೇಲೆ ಅದೇ ಕೈಯಿಂದ ಕಣ್ಣೊರೆಸಿಕೊಂಡು ಅಪ್ಪಯ್ಯ, "ಇವತ್ತು ಸೆಖೆ ಜಾಸ್ತಿ ಉಂಟು," ಎಂದರು.