ಫಾರ್ಮಿನಲ್ಲಿ ಬೆಲ್ಲಕ್ಕೆ ಜಾಗ ಇರಲಿಲ್ಲ

ಐವತ್ತೊಂದನೇ ವಯಸ್ಸಿನಲ್ಲಿ ನಾನು ಫೇಲ್ ಆದೆ.

ಅದೂ ಎಲ್ಲಿ? ಸ್ವಂತ ಮನೆಯ ಊಟದ ಮೇಜಿನಲ್ಲಿ, ಒಂದು ಮಂಗಳವಾರ ಸಂಜೆ, ಅತ್ತೆಯ ಎದುರಿಗೆ. ನನ್ನ ಗೈಡ್ ಮೇಡಂ 'ಫೇಲ್' ಎನ್ನಲಿಲ್ಲ. 'ರಿವೈಸ್ ಮಾಡಿ, ಮತ್ತೆ ಸಬ್ಮಿಟ್ ಮಾಡಿ' ಎಂದರು. (ಫೇಲಾದವರಿಗೆ ಬೇಸರವಾಗಬಾರದೆಂದು ಈಗ ಹೀಗೆಲ್ಲ ಹೇಳುತ್ತಾರೆ.) ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಅತ್ತೆ ಕೇಳಿದರು, "ಪುನಃ ಬರೀಬೇಕಾ?" ಮೂವತ್ತು ವರ್ಷ ಟೀಚರ್ ಆಗಿದ್ದವರು. ಯಾವ ಇಂಗ್ಲಿಷಿನಲ್ಲಿ ಹೇಳಿದರೂ ಅವರಿಗೆ ಫೇಲ್ ಎಂದರೆ ಫೇಲ್.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಈ ಅಂಕಣ ಬರೆಯುವುದು ವಾರಕ್ಕೊಂದು ದಿನ. ಉಳಿದ ದಿನಗಳಲ್ಲಿ ನಾನು ಮೂಡುಬಿದಿರೆಯಲ್ಲಿ ಹಲ್ಲಿನ ಡಾಕ್ಟರು. ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಕ್ಲಿನಿಕ್ಕು. ಇಪ್ಪತ್ತೈದು ವರ್ಷ ಜನರ ಬಾಯಿಯೊಳಗೆ ಟಾರ್ಚು ಬಿಟ್ಟು ನೋಡಿ ನೋಡಿ ಒಂದು ದಿನ ತಲೆ ಕೆಟ್ಟಿತು. ಅಜ್ಜನಿಗೆ ಯಾವ ಹಲ್ಲು ಕಿತ್ತಿದ್ದೆನೋ ಮಗನಿಗೂ ಅದನ್ನೇ ಕಿತ್ತೆ. ಈಗ ಮೊಮ್ಮಗನ ಅದೇ ಹಲ್ಲಿಗೆ ಸಿಮೆಂಟು ತುಂಬಿಸುತ್ತಿದ್ದೇನೆ. ಹೀಗೆ ಒಂದೊಂದೇ ಹಲ್ಲು ರಿಪೇರಿ ಮಾಡುತ್ತ ಕೂತರೆ ಊರು ಸರಿಯಾಗುವುದು ಯಾವಾಗ?

ಹಾಗೆ ಯೋಚಿಸಿ ಎರಡು ವರ್ಷದ ಹಿಂದೆ ಸಾರ್ವಜನಿಕ ಆರೋಗ್ಯದ ಮಾಸ್ಟರ್ಸ್ ಡಿಗ್ರಿಗೆ, ಅಂದರೆ ಎಂಪಿಎಚ್‌ಗೆ, ಆನ್‌ಲೈನ್‌ನಲ್ಲಿ ಸೇರಿದೆ. "ಈ ಪ್ರಾಯದಲ್ಲಿ ಓದಿ ಯಾರಿಗೆ ತೋರಿಸ್ಲಿಕ್ಕೆ?" ಎಂದು ನೆಂಟರೊಬ್ಬರು ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಅತ್ತೆ ಹೇಳಿದರು, "ನನಗೆ ತೋರಿಸ್ಲಿಕ್ಕೆ." ಆ ಒಂದು ಮಾತಿಗೆ ನಾನು ಇವತ್ತಿಗೂ ಅವರಿಗೆ ಋಣಿ.

ಕ್ಲಾಸು ಮಂಗಳವಾರ ಸಂಜೆ. ನಮ್ಮದು ಜೈನ ಮನೆ. ಅತ್ತೆ ಹೊತ್ತು ಮುಳುಗುವ ಮೊದಲು ಊಟ ಮುಗಿಸುವವರು. ವೈಫೈ ಸರಿಯಾಗಿ ಸಿಗುವ ಜಾಗ ಊಟದ ಮೇಜೊಂದೇ. ಹಾಗಾಗಿ ಮೇಜಿನ ಈ ತುದಿಯಲ್ಲಿ ಮಲೇರಿಯಾ, ಕಾಲರಾ. ಆ ತುದಿಯಲ್ಲಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ. ಗೈಡ್ ಮೇಡಂ ಉತ್ತರ ಭಾರತದ ಒಂದು ದೊಡ್ಡ ಊರಿನಲ್ಲಿದ್ದಾರೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ನಮ್ಮ ಕಡೆಗೆ ಒಮ್ಮೆಯೂ ಬಂದವರಲ್ಲ. ಕ್ಯಾಮೆರಾದಲ್ಲಿ ಅತ್ತೆಯ ಬಟ್ಟಲು ಕಂಡರೂ ಸಾಕು, 'ನಮಸ್ತೇ ಆಂಟಿ' ಎನ್ನುತ್ತಾರೆ. ಅತ್ತೆ ಎಡಗೈಯಲ್ಲಿ ಸೆರಗು ಸರಿಮಾಡಿಕೊಂಡು ನಗುತ್ತಾರೆ.

ಇನ್ನು ಅತ್ತೆಯ ಶುಗರ್ ವಿಷಯಕ್ಕೆ ಬರಬೇಕು. ಗಲಾಟೆ ಇರುವುದು ಅಲ್ಲಿಯೇ.

ಅತ್ತೆಗೆ ಹತ್ತು ವರ್ಷದಿಂದ ಶುಗರ್. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟರೆ ರಿಪೋರ್ಟು ಚಂದ. ಮೂರು ತಿಂಗಳ ಸರಾಸರಿ ತೋರಿಸುವ ಟೆಸ್ಟು ಮಾಡಿಸಿದರೆ ಪ್ರತಿಸಲವೂ ಮೇಲೆ. ಅವರನ್ನು ನೋಡುವ ಡಾಕ್ಟರು ಕೊನೆಗೆ ಹೇಳಿದರು, "ಟೀಚರೇ, ಎಲ್ಲಿಂದಲೋ ಸಿಹಿ ಹೋಗ್ತಾ ಉಂಟು. ಮುಂದಿನ ಸಲವೂ ಹೀಗೇ ಬಂದ್ರೆ ಇನ್ಸುಲಿನ್ ಶುರು ಮಾಡುವ."

ಅತ್ತೆಗೆ ಸೂಜಿಯ ಹೆದರಿಕೆ ಇಲ್ಲ. ಅವರ ಹೆದರಿಕೆಯೇ ಬೇರೆ. "ಸೂಜಿ, ಐಸಿನ ಡಬ್ಬಿ ಎಲ್ಲ ಹಿಡ್ಕೊಂಡು ಯಾರ ಮನೆಗೆ ಹೋಗುವುದು ಮಾರಾಯ್ತಿ? ಹೋದಲ್ಲಿ ಅವರಿಗೂ ರಗಳೆ." ಬಂಟ್ವಾಳದಲ್ಲಿ ತಂಗಿ, ಬೆಳ್ತಂಗಡಿಯಲ್ಲಿ ತಮ್ಮ, ವೇಣೂರಿನ ತುಂಬ ಹಳೇ ವಿದ್ಯಾರ್ಥಿಗಳು. ತಿಂಗಳಿಗೆ ನಾಲ್ಕು ಮನೆಗೆ ಹೋಗದಿದ್ದರೆ ಅತ್ತೆಗೆ ನಿದ್ದೆ ಬರುವುದಿಲ್ಲ. ಅವರ ಮಟ್ಟಿಗೆ ಇನ್ಸುಲಿನ್ ಎಂದರೆ ಮನೆಯಲ್ಲೇ ಕೂರುವ ಶಿಕ್ಷೆ.

ನಾನು ಪೊಲೀಸಾದೆ. ಅನ್ನ ಕಡಿಮೆ ಮಾಡಿಸಿದೆ. ಬಾಳೆಹಣ್ಣು ನಿಲ್ಲಿಸಿದೆ. ಹಲಸಿನ ಹಣ್ಣಿನ ಕಾಲದಲ್ಲಿ ಅತ್ತೆಯ ಮೇಲೆ ಕಣ್ಣಿಟ್ಟೆ. ಮನೆಯಲ್ಲಿದ್ದ ಶುಗರ್ ನೋಡುವ ಮೆಷಿನ್ ಹಾಳಾಗಿದೆ ಎಂದು ಹೊಸದು ತಂದೆ. ಒಂದು ದಿನ ಬೈದೂ ಬಿಟ್ಟೆ. "ಸಿಹಿ ನಾನು ಮುಟ್ಟುದಿಲ್ಲ. ಚಾಕ್ಕೆ ಸಹ ಸಕ್ಕರೆ ಇಲ್ಲ. ಇನ್ನೆಂತ ಬಿಡ್ಬೇಕು ಹೇಳು?" ಎಂದರು ಅತ್ತೆ. ಅತ್ತೆ ಸುಳ್ಳು ಹೇಳುವವರಲ್ಲ. ಆದರೆ ರಿಪೋರ್ಟು?

ಅದೇ ಸಮಯಕ್ಕೆ ನನ್ನ ಫೀಲ್ಡ್ ಅಸೈನ್‌ಮೆಂಟ್ ಬಂತು. ಶುಗರ್ ಇರುವವರು ದಿನಕ್ಕೆ ಎಷ್ಟು ಸಿಹಿ ತಿನ್ನುತ್ತಾರೆ? ನಲವತ್ತು ಮನೆಗೆ ಹೋಗಿ ಕೇಳಬೇಕು. ನಾನು ವೇಣೂರನ್ನು ಆರಿಸಿಕೊಂಡೆ. ಅತ್ತೆ ಪಾಠ ಮಾಡಿದ ಊರು. "ನಾನೂ ಬರ್ತೇನೆ. ನೀನು ಒಬ್ಬಳೇ ಫೈಲು ಹಿಡ್ಕೊಂಡು ಹೋದ್ರೆ ಪಾಲಿಸಿ ಮಾಡಿಸ್ಲಿಕ್ಕೆ ಬಂದವಳು ಅಂತ ಬಾಗಿಲು ಹಾಕ್ತಾರೆ" ಎಂದು ಅತ್ತೆ ಹೊರಟೇಬಿಟ್ಟರು.

ಮೊದಲ ಮನೆ ಗಿರಿಜಕ್ಕನದು. ಒಂದು ಕಾಲದಲ್ಲಿ ಅತ್ತೆಯ ಕ್ಲಾಸಿನಲ್ಲಿ ಎರಡನೇ ಬೆಂಚಿನ ಹುಡುಗಿ. ಈಗ ಅಜ್ಜಿ. ಅವರಿಗೂ ಶುಗರ್.

"ಬಲೆ ಬಲೆ ಟೀಚರೇ, ಕುಲ್ಲುಲೆ!" (ಬನ್ನಿ, ಕೂತ್ಕೊಳ್ಳಿ.) ಬೆಲ್ಲ, ನೀರು ಬಂತು. ಬೆಲ್ಲ ಬಾಯಿಗೆ ಹಾಕಿಕೊಂಡು ಸುಖದುಃಖದ ಮಾತಾಯಿತು. ಆಮೇಲೆ ಚಾ ಬಂತು. "ನನಗೆ ಸಕ್ಕರೆ ಇಲ್ಲದ್ದು ಆಯ್ತಾ" ಎಂದರು ಅತ್ತೆ. "ನನಗೂ ಅದೇ ಟೀಚರೇ" ಎಂದರು ಗಿರಿಜಕ್ಕ. ಇಬ್ಬರ ಮುಖದಲ್ಲೂ ಪರೀಕ್ಷೆ ಪಾಸಾದ ಹೆಮ್ಮೆ.

ನಾನು ಕೋರ್ಸಿನವರು ಕೊಟ್ಟ ಫಾರ್ಮು ತೆಗೆದೆ. ಮೊದಲು ಒಪ್ಪಿಗೆ ಪತ್ರ. ಪೂರ್ತಿ ಓದಿಸಿ, ಅರ್ಥವಾಗಿದೆ ಎಂದು ಖಾತ್ರಿಯಾದ ಮೇಲೆ ಸಹಿ ಹಾಕಿಸಬೇಕು ಎಂದು ನಮಗೆ ಎರಡು ಕ್ಲಾಸು ಪಾಠವಾಗಿತ್ತು. "ಟೀಚರು ಕರ್ಕೊಂಡು ಬಂದ ಮೇಲೆ ಓದುವುದೆಂತ?" ಎಂದು ಗಿರಿಜಕ್ಕ ಗೀಚಿಯೇ ಬಿಟ್ಟರು. ಆಮೇಲೆ ಪ್ರಶ್ನೆ: ನಿನ್ನೆ ಬೆಳಗಿನಿಂದ ಮಲಗುವವರೆಗೆ ಸಿಹಿತಿಂಡಿ, ಸಕ್ಕರೆ ಹಾಕಿದ ಪಾನೀಯ, ಬಿಸ್ಕತ್ತು, ಕೇಕು, ಚಾಕೊಲೇಟು ತೆಗೆದುಕೊಂಡಿದ್ದೀರಾ?

"ಚಾಕ್ಲೇಟು ತಿನ್ನುವ ಪ್ರಾಯವಾ ಡಾಕ್ಟ್ರೇ ಇದು? ಸಿಹಿ ಬಿಟ್ಟು ಐದು ವರ್ಷ ಆಯ್ತು."

'ಇಲ್ಲ' ಎಂಬಲ್ಲಿ ಟಿಕ್ ಹಾಕಿದೆ. ಮನೆಗೆ ಹೋದದ್ದಕ್ಕೆ ಸಾಕ್ಷಿಗೆಂದು ಫೋಟೋ ತೆಗೆದೆ. ಯಾರ ಮುಖವೂ ಕಾಣಬಾರದು ಎಂಬ ನಿಯಮವಿದ್ದುದರಿಂದ ಮೊಬೈಲನ್ನು ಕೆಳಗೆ ಬಗ್ಗಿಸಿ ಕೈ, ಪೆನ್ನು, ಫಾರ್ಮು, ಮುಂದಿದ್ದ ಸ್ಟೂಲು, ಇಷ್ಟನ್ನೇ ಹಿಡಿದೆ.

ನಾಲ್ಕು ಭಾನುವಾರ, ನಲವತ್ತು ಮನೆ. ಹೆಚ್ಚುಕಡಿಮೆ ಎಲ್ಲ ಕಡೆಯೂ 'ಇಲ್ಲ'. ನಮ್ಮ ಜನ ಎಷ್ಟು ಶಿಸ್ತಿನವರು ಎಂದು ನನಗೆ ಹೆಮ್ಮೆಯೋ ಹೆಮ್ಮೆ. ಬಣ್ಣಬಣ್ಣದ ಚಾರ್ಟು ಮಾಡಿದೆ. 'ಇಲ್ಲಿಯವರ ಸಮಸ್ಯೆ ಸಿಹಿಯಲ್ಲ, ನಡಿಗೆ ಕಡಿಮೆಯಾದದ್ದು' ಎಂದು ಬರೆದು ಕಳುಹಿಸಿದೆ.

ಆ ಮಂಗಳವಾರ ಮೇಡಂ ನನ್ನ ಚಾರ್ಟನ್ನು ನೋಡಲೇ ಇಲ್ಲ. ಫೋಟೋಗಳನ್ನು ಒಂದೊಂದಾಗಿ ಸರಿಸುತ್ತ ಕೇಳಿದರು.

"ಡಾಕ್ಟರ್, ಎಲ್ಲ ಮನೆಯಲ್ಲೂ ಸ್ಟೂಲಿನ ಮೇಲೆ ಒಂದು ಸಣ್ಣ ತಟ್ಟೆ ಇದೆಯಲ್ಲ, ಅದೇನು?"

"ಓ, ಅದಾ? ಬೆಲ್ಲ. ಯಾರೇ ಬಂದರೂ ಬೆಲ್ಲ, ನೀರು ಕೊಡುತ್ತೇವೆ. ನಮ್ಮ ಕಡೆಯ ಕ್ರಮ."

"ಬಂದವರು ಮಾತ್ರ ತಿನ್ನುತ್ತಾರಾ?"

"ಮನೆಯವರೂ ಒಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ಜೊತೆಗೆ."

"ದಿನಕ್ಕೆ ಎಷ್ಟು ಜನ ಬರುತ್ತಾರೆ?"

ನಾನು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ಮೇಡಂ ಬಹಳ ಮೆತ್ತಗೆ ಕೇಳಿದರು, "ಬೆಲ್ಲ ಸಿಹಿಯಲ್ಲವೇ ಡಾಕ್ಟರ್?"

ಮೇಜಿನ ಆ ತುದಿಯಲ್ಲಿ ಅತ್ತೆಯ ಕೈ ಬಟ್ಟಲಿನಲ್ಲೇ ನಿಂತಿತು.

ಇಪ್ಪತ್ತೈದು ವರ್ಷ 'ಸಿಹಿ ತಿಂದಿರಾ?' ಎಂದು ಜನರ ಬಾಯಿ ತೆರೆಸಿ ಕೇಳಿದವಳು ನಾನು. ನಲವತ್ತು ಮನೆಯಲ್ಲಿ ನಾನೇ ಬೆಲ್ಲ ತಿಂದು, ಬೆರಳು ಒರೆಸಿಕೊಂಡು, ಅದೇ ಕೈಯಲ್ಲಿ 'ಇಲ್ಲ' ಎಂದು ಟಿಕ್ ಹಾಕಿದ್ದೆ. ಯಾರೂ ಸುಳ್ಳು ಹೇಳಿರಲಿಲ್ಲ. ಬೆಲ್ಲವನ್ನು ನಾವು ತಿನ್ನುವುದೇ ಇಲ್ಲವಲ್ಲ, ಕೊಡುತ್ತೇವೆ ಅಷ್ಟೆ. ಅದು ಮರ್ಯಾದೆ. ಮರ್ಯಾದೆಯನ್ನು ತಿಂಡಿಯ ಪಟ್ಟಿಗೆ ಸೇರಿಸುವವರುಂಟೇ?

ನಗಬೇಡಿ, ನಿಮ್ಮ ಮನೆಯಲ್ಲೂ ಇದೆ. ಪ್ರಸಾದ ಲೆಕ್ಕಕ್ಕಿಲ್ಲ. ಮಗು ಬಿಟ್ಟುಹೋದ ಅರ್ಧ ಬಿಸ್ಕತ್ತು ಲೆಕ್ಕಕ್ಕಿಲ್ಲ. ಪಾಯಸಕ್ಕೆ ಬೆಲ್ಲ ಸಾಕೋ ಎಂದು ನೋಡಿದ ಮೂರು ಚಮಚ ಲೆಕ್ಕಕ್ಕಿಲ್ಲ. 'ನಿಮ್ಮ ಒತ್ತಾಯಕ್ಕೆ' ಎಂದು ತಿಂದ ಹೋಳಿಗೆಯಂತೂ ಒತ್ತಾಯ ಮಾಡಿದವರ ಹೊಟ್ಟೆಗೇ ಹೋಗುತ್ತದೆ! ಇದನ್ನೆಲ್ಲ ಫಾರ್ಮು ಮಾಡಿದವರಿಗೆ ಹೇಳುವವರು ಯಾರು? ಇಲ್ಲಿಯೇ ಇದ್ದ ನಾನು ಹೇಳಬೇಕಿತ್ತು.

ಮರುದಿನ ಕ್ಲಿನಿಕ್ಕಿಗೆ ಅರ್ಧ ದಿನ ರಜೆ ಹಾಕಿ ಮನೆಯಲ್ಲಿ ಕೂತೆ. ಏಳು ಗಂಟೆಗೆ ಹಾಲಿನವಳು ಬಂದಳು. ಬೆಲ್ಲ, ನೀರು. ಬಸದಿಗೆ ಹೋಗಿ ಬಂದ ಪಕ್ಕದ ಮನೆಯವರು. ಬೆಲ್ಲ, ನೀರು. ನಲ್ಲಿ ರಿಪೇರಿಯವನು, ಕರೆಂಟು ಬಿಲ್ಲಿನವರು, ಮದುವೆಗೆ ಕರೆಯಲು ಬಂದ ದಂಪತಿ. ಪ್ರತಿಯೊಬ್ಬರ ಜೊತೆಗೂ ಅತ್ತೆ ಒಂದು ತುಂಡು ಬಾಯಿಗೆ ಹಾಕಿಕೊಂಡರು. ಬೇರೆ ಯಾರೂ ತಿನ್ನದ ಹೊತ್ತಿನಲ್ಲಿ ಒಂದು ಚೂರನ್ನೂ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾನು ಎಣಿಸುವುದನ್ನು ನಿಲ್ಲಿಸಿದೆ.

"ನಾನು ಸುಮ್ಮನೆ ಕೂತ್ರೆ ಬಂದವರು ತಿನ್ನುದಿಲ್ಲ. ಅವರಿಗೆ ನಾಚಿಕೆ ಆಗ್ತದೆ" ಎಂದರು ಅತ್ತೆ. ಆಮೇಲೆ ಸಣ್ಣ ಸ್ವರದಲ್ಲಿ, "ನಿನಗೆ ನಾನು ಸುಳ್ಳು ಹೇಳಿದ ಹಾಗೆ ಆಯ್ತಲ್ಲ" ಎಂದರು.

ನನಗೆ ಅಳು ಬಂತು. ಸುಳ್ಳು ಹೇಳಿದ್ದು ಅವರಲ್ಲ. ಸರಿಯಾದ ಪ್ರಶ್ನೆ ಕೇಳದೆ ಬೈದವಳು ನಾನು. ಅವರ ಪಕ್ಕದಲ್ಲೇ ಕೂತು ಊಟ ಮಾಡುವವಳು, ಒಂದು ದಿನವೂ ಅವರ ದಿನ ಹೇಗೆ ಕಳೆಯುತ್ತದೆಂದು ನೋಡಿರಲಿಲ್ಲ. ಕ್ಷಮಿಸಿ ಎಂದೆ. "ಅದೆಲ್ಲ ಇರಲಿ, ನಲವತ್ತು ಮನೆಗೆ ಪುನಃ ಯಾವಾಗ ಹೋಗುವ?" ಎಂದು ಕೇಳಿದರು.

ಹೋದೆವು. ಈ ಸಲ ಪ್ರಶ್ನೆ ಬದಲಾಗಿತ್ತು. ನಿನ್ನೆ ನಿಮ್ಮ ಮನೆಗೆ ಯಾರು ಯಾರು ಬಂದಿದ್ದರು? ಅವರಿಗೆ ಏನು ಕೊಟ್ಟಿರಿ? ನೀವೂ ತೆಗೆದುಕೊಂಡಿರಾ? ಗಿರಿಜಕ್ಕ ಬೆರಳು ಮಡಚುತ್ತ ಸಂಭ್ರಮದಿಂದ ಹೇಳುತ್ತಾ ಹೋದವರು, ಎರಡನೇ ಕೈಯ ಬೆರಳಿಗೆ ಬಂದಾಗ ನಿಂತುಬಿಟ್ಟರು. "ಅಯ್ಯೋ ಟೀಚರೇ, ಇದು ಸಹ ಲೆಕ್ಕಕ್ಕೆ ಬರ್ತದಾ?" ಎಂದು ಬಾಯಿಗೆ ಕೈ ಇಟ್ಟುಕೊಂಡರು.

ಅಷ್ಟು ಹೇಳಿ ಎದ್ದು ಹೋಗಿ ಏನು ತಂದರು ಗೊತ್ತೇ? ಬೆಲ್ಲ, ನೀರು.

ಈಗ ಅತ್ತೆ ಏನು ಮಾಡುತ್ತಾರೆ? ಬೇಡವೆಂದರೆ ಗಿರಿಜಕ್ಕನ ಮುಖ ಬಾಡುತ್ತದೆ. ತಿಂದರೆ ಮುಂದಿನ ತಿಂಗಳ ಟೆಸ್ಟು ಕಾದಿದೆ. ಅತ್ತೆ ತಟ್ಟೆಯಿಂದ ಒಂದು ತುಂಡು ತೆಗೆದುಕೊಂಡರು. ಹಣೆಗೆ ಒತ್ತಿಕೊಂಡರು. ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿದರು. ಆಮೇಲೆ ಚೆಂಬೆತ್ತಿ ಗಟಗಟನೆ ನೀರು ಕುಡಿದರು.

"ತೆಗೊಂಡೆ ಗಿರಿಜಾ. ತಿನ್ನುವುದು ಮಾತ್ರ ನಾನಲ್ಲ" ಎಂದರು.

ಗಿರಿಜಕ್ಕ ಒಂದು ಕ್ಷಣ ಟೀಚರನ್ನೇ ನೋಡಿದರು. ಮತ್ತೆ ತನ್ನ ಪಾಲಿನ ತುಂಡನ್ನು ತೆಗೆದು ತನ್ನ ಸೆರಗಿಗೂ ಗಂಟು ಹಾಕಿಕೊಂಡರು. ಎರಡನೇ ಬೆಂಚಿನ ಹುಡುಗಿ, ಟೀಚರು ಬೋರ್ಡಿನಲ್ಲಿ ಬರೆದದ್ದನ್ನು ಹಾಗೇ ಬರೆದುಕೊಂಡಂತೆ!

ಸಂಜೆ ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆಯ ಸೆರಗಿನಲ್ಲಿ ಹತ್ತು ಮನೆಯ ಬೆಲ್ಲವಿತ್ತು. ಮನೆ ಮುಟ್ಟಿದ ಕೂಡಲೇ ಅತ್ತೆ ಅದನ್ನೆಲ್ಲ ನಮ್ಮ ಬೆಲ್ಲದ ಡಬ್ಬಿಗೆ ಸುರಿದರು. (ಮರುದಿನದ ಅತಿಥಿಗಳಿಗಾಯಿತು.) ಮನೆಯಲ್ಲೂ ಅದೇ ಕ್ರಮ ಶುರುವಾಯಿತು. ಈಗ ಹಾಲಿನವಳು ಬಂದರೂ ಸೆರಗಿಗೆ ಗಂಟು, ನಲ್ಲಿಯವನು ಬಂದರೂ ಸೆರಗಿಗೆ ಗಂಟು. ಎರಡು ಸೀರೆಗೆ ಇರುವೆ ಹತ್ತಿತು. ಅತ್ತೆ ಜಗ್ಗಲಿಲ್ಲ.

ಟೆಸ್ಟನ್ನು ಎರಡು ತಿಂಗಳು ಮುಂದಕ್ಕೆ ಹಾಕಿ ಎಂದು ಡಾಕ್ಟರನ್ನು ನಾನೇ ಬೇಡಿಕೊಂಡಿದ್ದೆ. ಹೋದ ವಾರ ರಿಪೋರ್ಟು ಬಂತು. ಇಳಿದಿದೆ. ಬಹಳವೇನಲ್ಲ, ಆದರೆ ಇಳಿದಿದೆ. "ಇನ್ಸುಲಿನ್ ಈಗ ಬೇಡ ಟೀಚರೇ, ಇನ್ನೊಂದು ಸಲ ನೋಡುವ" ಎಂದರು ಡಾಕ್ಟರು. ಅತ್ತೆ ಆಸ್ಪತ್ರೆಯ ಮೆಟ್ಟಿಲಿಳಿಯುತ್ತಲೇ ಬಂಟ್ವಾಳದ ತಂಗಿಗೆ ಫೋನು ಮಾಡಿ, ನಾಳೆ ಬರುತ್ತೇನೆ ಎಂದು ತಿಳಿಸಿದರು.

ಮೊನ್ನೆ ಮಂಗಳವಾರ ನನ್ನ ರಿಸಲ್ಟೂ ಬಂತು. ಪಾಸು. ಆದರೆ ಮೇಡಂಗೆ ಒಂದು ಅನುಮಾನ. ಸಲಹೆಗಳ ಭಾಗದಲ್ಲಿ ನಾನು ಸೆರಗಿನ ಗಂಟಿನ ಬಗ್ಗೆ ಬರೆದಿದ್ದೆ. "ಇದಕ್ಕೆ ರೆಫರೆನ್ಸ್ ಎಲ್ಲಿ ಡಾಕ್ಟರ್? ಯಾವ ಪೇಪರಿನಿಂದ ತೆಗೆದುಕೊಂಡಿರಿ?"

ನಾನು ಲ್ಯಾಪ್‌ಟಾಪನ್ನು ಮೇಜಿನ ಆ ತುದಿಗೆ ತಿರುಗಿಸಿದೆ. "ಇವರೇ."

ಅತ್ತೆ ಎದ್ದು ಒಳಗೆ ಹೋದರು. ನಾಚಿಕೊಂಡರು ಎಂದುಕೊಂಡೆ. ಎರಡೇ ನಿಮಿಷದಲ್ಲಿ ತಟ್ಟೆ, ಲೋಟ ಹಿಡಿದು ಬಂದು ಲ್ಯಾಪ್‌ಟಾಪಿನ ಮುಂದಿಟ್ಟರು. "ಎರಡು ವರ್ಷದಿಂದ ವಾರ ವಾರ ನಮ್ಮ ಮನೆಗೆ ಬರ್ತಾ ಇದ್ದಾರೆ ಪಾಪ. ಒಂದು ದಿನ ನೀರು ಬೇಕಾ ಅಂತ ಕೇಳಿದವರುಂಟಾ ಈ ಮನೆಯಲ್ಲಿ?"

ನಾನು ಅದನ್ನು ಇಂಗ್ಲಿಷಿಗೆ ತಂದು ಹೇಳಿದೆ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಪಕ್ಕದಲ್ಲಿದ್ದ ತಮ್ಮ ನೀರಿನ ಬಾಟಲಿಯನ್ನು ಎತ್ತಿ, ಅತ್ತೆಗೆ ತೋರಿಸಿ, ಕುಡಿದರು. ಅತ್ತೆಯೂ ಒಂದು ಗುಟುಕು ನೀರು ಕುಡಿದರು, ನೀರು ಮಾತ್ರ.

ಕ್ಲಾಸು ಮುಗಿಯಿತು. ಅತ್ತೆ ಬಟ್ಟಲು ತೊಳೆಯಲು ಹೋದರು. ತಟ್ಟೆಯಲ್ಲಿ ಮೇಡಂ ಪಾಲಿನ ಬೆಲ್ಲ ಹಾಗೇ ಉಳಿದಿತ್ತು. ನಾನು ಆ ಕಡೆ ಈ ಕಡೆ ನೋಡಿ ಬಾಯಿಗೆ ಹಾಕಿಕೊಂಡೆ.

ಹಲ್ಲಿನ ಡಾಕ್ಟರು, ಇನ್ನೇನು ಸಾರ್ವಜನಿಕ ಆರೋಗ್ಯದಲ್ಲಿ ಮಾಸ್ಟರ್ಸ್ ಮುಗಿಸುವವಳು, ನಾಳೆ ಯಾರಾದರೂ ಫಾರ್ಮು ಹಿಡಿದು ಬಂದು 'ನಿನ್ನೆ ಸಿಹಿ ತಿಂದಿರಾ?' ಎಂದು ಕೇಳಿದರೆ ಏನೆಂದು ಬರೆಸಲಿ ಹೇಳಿ?