ಉಕ್ಕದ ಶಿಲಾಪಾಕ, ಒಂದು ಅಚ್ಚು ಬೆಲ್ಲ

ಈ ಬೇಸಿಗೆಯಲ್ಲಿ ಒಂದು ದಿನ ಕುರುಬರಹಳ್ಳಿಯ ನನ್ನ ತಂಗಿ ಉಷಾಳ ಮನೆಯಲ್ಲಿ ಕೂತು ನಾನು ಹಿಮಾಲಯ ಕಟ್ಟುತ್ತಿದ್ದೆ. ಡೈನಿಂಗ್ ಟೇಬಲ್ ಮೇಲೆ, ಎರಡು ಟವೆಲ್ ಇಟ್ಟುಕೊಂಡು.

ಅವಳ ಮಗಳು ಸಿಂಚನಾಗೆ ಯಾವುದೋ ಕಾಂಪಿಟಿಟಿವ್ ಪರೀಕ್ಷೆ. ದೊಡ್ಡಮ್ಮ, ಅಂದರೆ ನಾನು, ರಿಟೈರ್ ಆಗುವ ತನಕ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿದವಳು. ಬಿಟ್ಟಿ ಟ್ಯೂಷನ್ ಯಾರು ಬಿಡುತ್ತಾರೆ ಹೇಳಿ?

"ದೊಡ್ಡಮ್ಮ, ಜಪಾನ್ ಹತ್ರ ಭೂಮಿಯ ಪ್ಲೇಟ್ ಗುದ್ದಿದ್ರೆ ಜ್ವಾಲಾಮುಖಿ ಬರುತ್ತೆ. ಇಂಡಿಯಾ ಹೋಗಿ ಏಷ್ಯಾಗೆ ಗುದ್ದಿದೆ. ಹಿಮಾಲಯದಲ್ಲಿ ಯಾಕೆ ಜ್ವಾಲಾಮುಖಿ ಇಲ್ಲ?"

ಒಳ್ಳೇ ಪ್ರಶ್ನೆ. ನನಗೆ ಹುರುಪು ಬಂತು. ಜಪಾನ್‌ನಲ್ಲಿ ಸಮುದ್ರದ ತಳ ಭೂಮಿಯೊಳಕ್ಕೆ ಮುಳುಗುತ್ತೆ ಕಣೇ, ಜೊತೆಗೆ ನೀರನ್ನೂ ಎಳಕೊಂಡು ಹೋಗುತ್ತೆ, ಆ ನೀರಿನಿಂದ ಆಳದ ಬಂಡೆ ಸುಲಭವಾಗಿ ಕರಗುತ್ತೆ ಎಂದೆ. ಎರಡು ಖಂಡಗಳೇ ಗುದ್ದಿದರೆ ಕಥೆ ಬೇರೆ. ಎರಡೂ ಹಗುರ, ಎರಡೂ ಮುಳುಗಲು ಒಲ್ಲವು. ಟವೆಲ್ ತಳ್ಳಿ ತೋರಿಸಿದೆ, ಮಡಿಕೆ ಮಡಿಕೆಯಾಗಿ ಎದ್ದು ನಿಂತವು. ನೆಲ ದಪ್ಪಗಾಗುತ್ತೆ. ಅಡಿಯಲ್ಲಿ ಸಿಕ್ಕಿಕೊಂಡದ್ದು ಬಿಸಿಗೆ ಕರಗಿ ಶಿಲಾಪಾಕ, ಅಂದರೆ ಮ್ಯಾಗ್ಮಾ ಆಗುತ್ತೆ. ಆದರೆ ಅದರಲ್ಲಿ ಸಿಲಿಕಾ, ಮರಳಲ್ಲಿರುವ ಅಂಶ, ಜಾಸ್ತಿ. ರಾಗಿಮುದ್ದೆ ಥರ ಗಟ್ಟಿ, ಅಂಟು. ಬಹುಪಾಲು ಮೇಲೆ ಬಂದು ಉಕ್ಕುವುದೇ ಇಲ್ಲ. ಒಳಗೊಳಗೇ ತಣ್ಣಗಾಗಿ ಗ್ರಾನೈಟ್ ಆಗುತ್ತೆ.

"ನಮ್ಮ ಮಾಗಡಿ ಕಡೆ ಬಂಡೆಗಳೂ ಹಾಗೇ ಹುಟ್ಟಿದ್ದು, ಹಳೇ ಭೂಖಂಡಗಳು ಒಂದನ್ನೊಂದು ಒತ್ತಿಕೊಂಡ ಕಾಲದಲ್ಲಿ. ನಿಮ್ಮಮ್ಮ ಈಗ ಅಡುಗೆಮನೆಗೆ ಹಾಕಿಸ್ತಾ ಇರೋ ಗುಲಾಬಿ ಸ್ಲ್ಯಾಬ್ ಕೂಡ ಅಂಥದ್ದೇ ಕಣೇ!"

(ಆ ಸಾಲಿಗೆ ನಾನೇ ನನಗೆ ಚಪ್ಪಾಳೆ ತಟ್ಟಿಕೊಂಡೆ.)

ಇಷ್ಟೂ ಹೊತ್ತು ಅಡುಗೆಮನೆಯ ಮುಚ್ಚಿದ ಬಾಗಿಲ ಹಿಂದೆ ಕಲ್ಲು ಕೊಯ್ಯುವ ಮಿಷನ್ ಅರಚುತ್ತಲೇ ಇತ್ತು. ಧೂಳು ಹಾಲ್‌ಗೆ ಬರಬಾರದು ಅಂತ ಉಷಾ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದ್ದಳು. ಕಿಟಕಿಯನ್ನೂ ಮುಚ್ಚಿಸಿದ್ದಳು, ಪಕ್ಕದ ಮನೆಯವರು ಬಟ್ಟೆ ಒಣಹಾಕಿದ್ದರು. ನೀರು ಹಾಕಿ ಕೊಯ್ದರೆ ಕೆಸರು ಕೆಳಗಿನ ಮನೆ ಆಂಟಿಯ ಬಾಲ್ಕನಿಗೆ ಇಳಿಯುತ್ತೆ, ಅದೂ ಬೇಡ. ಎಲ್ಲರ ಬಗ್ಗೆಯೂ ಯೋಚಿಸುವವಳು ನನ್ನ ತಂಗಿ.

ಮಿಷನ್ ನಿಂತಿತು. ಬಾಗಿಲು ತೆರೆಯಿತು. ಹೊರಗೆ ಬಂದ ಕಲ್ಲು ಕೆಲಸದ ವೆಂಕಟೇಶ್‌ಗೆ ಹೆಚ್ಚೆಂದರೆ ನಲವತ್ತು. ತಲೆ, ಹುಬ್ಬು, ರೆಪ್ಪೆ, ಎಲ್ಲಾ ಬಿಳಿ. ಗೋಡೆ ಹಿಡಿದುಕೊಂಡು ಕೆಮ್ಮಿದ. ಆ ಕೆಮ್ಮು ಬೇಗ ನಿಲ್ಲಲಿಲ್ಲ.

ಉಷಾ ಓಡಿಹೋಗಿ ಒಂದು ಲೋಟ ನೀರು, ಒಂದು ಅಚ್ಚು ಬೆಲ್ಲ ತಂದಳು. "ತಗೊಳ್ಳಿ ವೆಂಕಟೇಶ್, ಬೆಲ್ಲ ತಿನ್ನಿ. ಒಳಗಿರೋ ಧೂಳೆಲ್ಲ ಕ್ಲೀನ್ ಆಗುತ್ತೆ."

ಆತ ಬೆಲ್ಲವನ್ನು ದವಡೆಗೆ ಇಟ್ಟುಕೊಂಡು ನಕ್ಕ. "ಹೂಂ ಅಕ್ಕ, ಮನೇಲೂ ದಿನಾ ತಿಂತೀನಿ."

ನಿಮ್ಮ ಮನೆಯಲ್ಲೂ ಕೊಡುತ್ತೀರಿ, ಅಲ್ಲವೇ? ಕಲ್ಲಿನವರಿಗೆ ಬೆಲ್ಲ, ಬಾಳೆಹಣ್ಣು. ಅಯ್ಯೋ, ಬೆಲ್ಲ ಹೋಗುವುದು ಹೊಟ್ಟೆಗೆ! ಧೂಳು ಕೂತಿರುವುದು ಶ್ವಾಸಕೋಶದಲ್ಲಿ. ಎರಡೂ ಈ ಜನ್ಮದಲ್ಲಿ ಭೇಟಿಯಾಗುವುದಿಲ್ಲ.

ಅರ್ಧ ಗಂಟೆಯಿಂದ ಸಿಲಿಕಾ ಸಿಲಿಕಾ ಅಂತ ಬಡಬಡಿಸಿದವಳು ನಾನು. ಅದೇ ಸಿಲಿಕಾ ಕಲ್ಲಿನ ಧೂಳಾಗಿ ಬಾಗಿಲ ಆಚೆ ಒಬ್ಬ ಮನುಷ್ಯನ ಎದೆಗೆ ಇಳಿಯುತ್ತಿತ್ತು. ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ, ಆತನ ಮೇಲೆಯೇ ಹರಿಹಾಯ್ದೆ.

"ಮಾಸ್ಕ್ ಎಲ್ರೀ?"

"ಹಾಕಿದ್ರೆ ಉಸಿರು ಕಟ್ಟುತ್ತೆ ಮೇಡಂ."

"ನೀರು ಹಾಕ್ಕೊಂಡು ಕೊಯ್ರಿ ಮತ್ತೆ!"

"ಕೈ ಮಿಷನ್ನು ಮೇಡಂ, ಶಾಕ್ ಹೊಡೆಯುತ್ತೆ. ಕೊಯ್ಯೋ ಗೆರೆನೂ ಕಾಣ್ಸಲ್ಲ."

ಕೆಮ್ಮು ಯಾವಾಗಿನಿಂದ ಎಂದು ಕೇಳಿದೆ. ಡಾಕ್ಟರ್ ಟಿಬಿ ಅಂದರಂತೆ, ಮಾತ್ರೆ ಕೋರ್ಸ್ ಮುಗಿಸಿದನಂತೆ, ಕೆಮ್ಮು ಹೋಗಲಿಲ್ಲವಂತೆ. ಈಗ ಮತ್ತೆ ಅದೇ ಮಾತ್ರೆ ಶುರು.

"ಡಾಕ್ಟರ್ ಹತ್ರ ಏನ್ ಕೆಲಸ ಮಾಡ್ತೀನಿ ಅಂತ ಹೇಳಿದ್ರಾ?"

"ಅವ್ರು ಕೇಳ್ಲಿಲ್ಲ ಮೇಡಂ."

ಮರುವಾರ ಆತನನ್ನು ನನಗೆ ಪರಿಚಯದ ಶ್ವಾಸಕೋಶದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಕೇಳಿದ್ದೇ ಕೆಲಸದ ಬಗ್ಗೆ. ಎಕ್ಸ್‌ರೇ, ಸ್ಕ್ಯಾನ್ ಎಲ್ಲಾ ಆಯಿತು. ಕಲ್ಲಿನ ಧೂಳು ಕೂತು ಶ್ವಾಸಕೋಶ ಗಟ್ಟಿಯಾಗುತ್ತಿದೆ, ಹಾಳಾದದ್ದು ವಾಪಸ್ ಬರುವುದಿಲ್ಲ, ಕೆಲಸ ಇವತ್ತೇ ಬಿಟ್ಟರೆ ಉಳಿದದ್ದು ಒಂದಷ್ಟು ಕಾಲ ಬರಬಹುದು ಎಂದರು. ಹೊರಗೆ ಬಂದು ವೆಂಕಟೇಶ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತನ್ನ ಕೈಗಳನ್ನೇ ನೋಡಿಕೊಂಡ.

"ಕಲ್ಲು ಬಿಟ್ರೆ ನಂಗೇನ್ ಬರುತ್ತೆ ಮೇಡಂ?"

ಸ್ವಲ್ಪ ದಿನ ಮನೆಯಲ್ಲಿದ್ದ. ಆಮೇಲೆ ಮಿಷನ್ ಎತ್ತಿಕೊಂಡು ಹೊರಟ. ಕರೆಯುವವರಿಗೇನು ಕಮ್ಮಿಯೇ? ಬಸವೇಶ್ವರನಗರದಿಂದ ಕೆಂಗೇರಿ ತನಕ ಹಳೇ ಮನೆ ಒಡೆದು ಮೂರು ಫ್ಲೋರ್ ಏರಿಸುತ್ತಿದ್ದೇವೆ, ಪ್ರತಿ ಫ್ಲೋರಿಗೂ ಒಂದು ಅಡುಗೆಮನೆ. ಕಲೆ ಕೂರಲ್ಲ, ಕರಗಲ್ಲ, ಲೈಫ್‌ಲಾಂಗ್ ಬರುತ್ತೆ ಅಂತ ಗ್ರಾನೈಟನ್ನೇ ಆರಿಸುತ್ತೇವೆ. ಯಾರ ಲೈಫು ಎಂದು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಉಷಾಗೆ ಹೇಳಿದರೆ, "ನಾನೇನ್ ಮಾಡ್ಲಿ ಅಕ್ಕ, ಪಾಪ, ಬೆಲ್ಲ ಕೊಟ್ನಲ್ಲ" ಎಂದು ಅತ್ತಳು. ಅವಳು ಕೆಟ್ಟವಳಲ್ಲ. ಅದೇ ನನ್ನ ಸಂಕಟ.

ದೀಪಾವಳಿ ಕಳೆದ ಮೇಲೆ ಸುಂಕದಕಟ್ಟೆಯ ಆತನ ಮನೆಗೆ ಹೋದೆ. ವೆಂಕಟೇಶ್ ದಿಂಬಿಗೆ ಒರಗಿ ಕೂತಿದ್ದ, ಮಲಗಿದರೆ ಉಸಿರು ಸಿಗುವುದಿಲ್ಲವಂತೆ. ಪಕ್ಕದಲ್ಲಿ ಬಾಡಿಗೆಯ ಆಕ್ಸಿಜನ್ ಮಿಷನ್ ಗುರುಗುಡುತ್ತಿತ್ತು. "ಮೇಡಂ" ಎಂದು ನಿಲ್ಲಿಸಿ, ಉಸಿರು ಎಳೆದುಕೊಂಡು, "ಅಕ್ಕನ ಸ್ಲ್ಯಾಬು... ಚೆನ್ನಾಗಿದೆಯಾ?" ಎಂದ. ಚೆನ್ನಾಗಿದೆ ಎಂದೆ. ಹೊಳೆಯುತ್ತಿದೆ, ಒಂದು ಗೀರೂ ಬಿದ್ದಿಲ್ಲ.

ಹೊರಟಾಗ ಹೆಂಡತಿ ಭಾಗ್ಯ ಗೇಟಿನ ತನಕ ಬಂದಳು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ಗೆ ಹೋಗುವವಳು, ರಜೆ ಹಾಕಿ ಗಂಡನ ಪಕ್ಕ ಕೂತಿದ್ದಾಳೆ. ಒಳಗೆ ಕೇಳಿಸದಿರಲಿ ಎಂದು ದನಿ ತಗ್ಗಿಸಿ ಕೇಳಿದಳು:

"ಮೇಡಂ, ನೀವು ಓದಿದೋರು. ಉಂಡೆ ಬೆಲ್ಲ ಕೊಡ್ಲಾ, ಅಚ್ಚು ಬೆಲ್ಲ ಕೊಡ್ಲಾ? ಯಾವುದು ಬೇಗ ಧೂಳು ಇಳಿಸುತ್ತೆ?"