ಟವರ್ ಮತ್ತು ಅಜ್ಜಿಯ ಮಂಚ

ಕರೆಂಟ್ ಹೋಗಿ ಎಲ್ಲೋ ಜನರೇಟರ್ ಗುರ್ರೆಂದರೆ ಸಾಕು, ಈಗಲೂ ನನ್ನ ಮೂಗಿಗೆ ಡೀಸೆಲ್ ವಾಸನೆ ಬಂದಂತಾಗುತ್ತದೆ, ಕಣ್ಣು ತಾನಾಗಿಯೇ ಅಜ್ಜಿಯ ಮಂಚ ಹುಡುಕುತ್ತದೆ. ನಿಮ್ಮ ಕಿವಿಯಲ್ಲೂ ಅಂಥದೊಂದು ಸದ್ದು ಉಳಿದಿರಬಹುದು. ಟಿ. ದಾಸರಹಳ್ಳಿಯಲ್ಲಿ ನಮ್ಮದು ಶೀಟಿನ ಮನೆ. ಎದುರಿನ ಖಾಲಿ ಸೈಟಿನಲ್ಲಿ ಮೊಬೈಲ್ ಟವರ್ ಎದ್ದಾಗ ನಾನು ಆರನೇ ಕ್ಲಾಸು, ಪುಷ್ಪಕ್ಕ ಎಸ್ಸೆಸ್ಸೆಲ್ಸಿ. ಕರೆಂಟ್ ಹೋದರೆ ಅದರ ಬುಡದ ಜನರೇಟರ್ ಗುರ್ರೆನ್ನುತ್ತಿತ್ತು, ಗಾಳಿ ಬೀಸಿದರೆ ಅದರ ಕಬ್ಬಿಣ ಕಿರುಗುಟ್ಟುತ್ತಿತ್ತು. ಪೀಣ್ಯದ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬಂದ ಅಪ್ಪ ಚಪ್ಪಲಿ ಬಿಡುವ ಮೊದಲು ಒಮ್ಮೆ ತಲೆಯೆತ್ತಿ ಅದನ್ನು ನೋಡುತ್ತಿದ್ದರು. ಅದು ಬಿದ್ದರೆ ನಾವೇನೋ ಓಡಿಬಿಡಬಹುದಿತ್ತು; ಸೊಂಟ ಮುರಿದುಕೊಂಡು ಬಾಗಿಲ ಬಳಿ ಮಲಗಿದ್ದ ಅಜ್ಜಿ ಏನು ಮಾಡಬೇಕು?

ಒಂದು ಭಾನುವಾರ ಅಕ್ಕ ಕೋನಮಾಪಕಕ್ಕೆ ಎಳನೀರಿನ ಸ್ಟ್ರಾ ಅಂಟಿಸಿ, ದಾರದ ತುದಿಗೆ ಅಪ್ಪನ ನಟ್ಟೊಂದನ್ನು ಇಳಿಬಿಟ್ಟು, ಸ್ಟ್ರಾದೊಳಗಿಂದ ಟವರಿನ ತುದಿ ನೋಡುತ್ತ ರಸ್ತೆಯಲ್ಲಿ ಹಿಂದೆ ಹಿಂದೆ ನಡೆದಳು. ದಾರ ನಲವತ್ತೈದು ಡಿಗ್ರಿಗೆ ಬಂದಲ್ಲಿ ನಿಂತಳು. "ಇಲ್ಲಿ ಟ್ಯಾನ್ ಒಂದು ಕಣೇ. ಬುಡದಿಂದ ಎಷ್ಟು ದೂರಾನೋ ಅಷ್ಟೇ ಎತ್ರ. ಬಿದ್ರೂ ಇಷ್ಟೇ ದೂರ ಬೀಳೋದು" ಎಂದಳು. ಬಟ್ಟೆ ಒಣಹಾಕುವ ಹಗ್ಗಗಳನ್ನು ಗಂಟುಹಾಕಿ ಆ ದೂರ ಅಳೆದು, ಅದೇ ಹಗ್ಗವನ್ನು ಟವರಿನ ಬುಡದಿಂದ ನಮ್ಮ ಮನೆಯೊಳಕ್ಕೆ ಎಳೆದೆವು. ತುದಿ ಅಡುಗೆಮನೆಯ ಹೊಸ್ತಿಲಿಗೆ ಬಂತು. ಅಪ್ಪ ಮಂಚವನ್ನು ಅಡುಗೆಮನೆಗೆ ಸಾಗಿಸಿದರು. ಅವತ್ತು ಎಲ್ಲರೂ ಹೊಟ್ಟೆತುಂಬ ಉಂಡೆವು.

ಮರುದಿನ ಅಕ್ಕ ಶಾಲೆಯಿಂದ ಅಳುತ್ತ ಬಂದಳು. ಸ್ಟ್ರಾ ಇದ್ದದ್ದು ಅವಳ ಕಣ್ಣಿನ ಹತ್ತಿರ, ನೆಲದ ಮೇಲಲ್ಲ. ನೆಲದಿಂದ ಕಣ್ಣಿನವರೆಗಿನ ಎತ್ತರವನ್ನು ಕೂಡಿಸುವುದನ್ನೇ ಮರೆತಿದ್ದಳು. ಅಷ್ಟು ಹಗ್ಗ ಸೇರಿಸಿ ಎಳೆದರೆ ತುದಿ ಅಜ್ಜಿಯ ದಿಂಬು ಮುಟ್ಟಿತು. ಅದರ ಹಿಂದೆ ಬರೀ ಗೋಡೆ. ಅಪ್ಪ ಹಗ್ಗವನ್ನು ಮತ್ತೊಮ್ಮೆ ಬಿಗಿಯಾಗಿ ಎಳೆದು ನೋಡಿದರು. ಅಜ್ಜಿ ಮಾತ್ರ ಹಗ್ಗವನ್ನು ಪಕ್ಕಕ್ಕೆ ಸರಿಸಿ, "ಅಂಗಾದ್ರೆ ಇಲ್ಲೇನ್ ಮಾಡ್ಲಿ, ಒಗ್ಗರಣೆ ಗಾಟು ಕುಡ್ಕಂಡು? ಬಾಗ್ಲತ್ರಾನೇ ಆಕ್ರಪ್ಪ. ಓಗೋರು ಬರೋರಾದ್ರೂ ಕಾಣ್ತಾರೆ" ಎಂದಳು.

ಮಂಚ ಮತ್ತೆ ಬಾಗಿಲಿಗೆ ಬಂತು. ಎರಡು ಮಳೆಗಾಲ ಕಳೆದ ಮೇಲೆ ಅಜ್ಜಿ ಅಲ್ಲೇ, ನಿದ್ದೆಯಲ್ಲೇ ಹೋದಳು. ಕೆಲವು ವರ್ಷಕ್ಕೆ ಅಪ್ಪನೂ ಹೋದರು, ಮನೆ ಮಾರಿದೆವು. ಮೊನ್ನೆ ಆ ರಸ್ತೆಗೆ ಹೋದಾಗ ನಮ್ಮ ಮನೆಯ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ನಿಂತಿತ್ತು. ಟವರ್ ಇದ್ದಲ್ಲೇ ಇತ್ತು. ಅದರ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಅಕ್ಕನಿಗೆ ಫೋನ್ ಮಾಡಿದೆ.

"ಇನ್ನೂ ಬಿದ್ದಿಲ್ವೇನೇ ಅದು?" ಎಂದಳು.

"ಇಲ್ಲಕ್ಕ."

ಗಾಳಿಗೆ ಮೇಲೆ ಕಬ್ಬಿಣ ಕಿರುಗುಟ್ಟಿತು. ಗಾಬರಿಬಿದ್ದು ನಮ್ಮ ಬಾಗಿಲಿದ್ದ ಕಡೆ ತಿರುಗಿದೆ. ಮಂಚವಿದ್ದ ಜಾಗದಲ್ಲಿ ಯಾರದೋ ಸ್ಕೂಟರ್ ನಿಂತಿತ್ತು.